ಮೊರ, ಫ್ಯಾನ್ ಪೆಟ್ಟಿಗೆ, ಅಂಕುಡೊಂಕು ಕೊಳವೆ: ಕೈತೋಟದ ಬೀಜ ಹಸನು ಮಾಡಲು ಮೂರು ದಾರಿಗಳ ಹೋಲಿಕೆ

ಕೈತೋಟದ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುವವರಿಗೆ ಬೆಳೆಯುವುದಕ್ಕಿಂತ ಹಸನು ಮಾಡುವುದೇ ಹೆಚ್ಚು ತಾಳ್ಮೆ ಬೇಡುವ ಕೆಲಸ. ಈ ಬೇಸಿಗೆಯಲ್ಲಿ ಒಣಗಿಸಿ ಬಡಿದ ದಂಟು, ಮೂಲಂಗಿ ಮತ್ತು ಸಬ್ಬಸಿಗೆಯ ರಾಶಿಗಳನ್ನು ಮೂರು ಮೂರು ಪಾಲು ಮಾಡಿದೆ. ಒಂದು ಪಾಲನ್ನು ಮೊರದಲ್ಲಿ ಕೇರಿ, ಇನ್ನೊಂದನ್ನು ಟೇಬಲ್ ಫ್ಯಾನ್ ಇಟ್ಟು ಮಾಡಿದ ಪೆಟ್ಟಿಗೆಯಲ್ಲಿ ತೂರಿ, ಮತ್ತೊಂದನ್ನು ಹಳೆಯ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದ ಅಂಕುಡೊಂಕು ಕೊಳವೆಯಲ್ಲಿ ಹಾಯಿಸಿ ನೋಡಿದೆ. ಕೊನೆಗೆ ಕೈಗೆ ಬಂದ ಬೀಜ ಎಷ್ಟು ಚೊಕ್ಕಟವಾಗಿ ಕಾಣುತ್ತದೆಂಬುದನ್ನು ನಾನು ಅಳತೆಗೋಲಾಗಿ ಹಿಡಿಯಲಿಲ್ಲ. ಹೊಟ್ಟಿನ ಜೊತೆಗೆ ಎಷ್ಟು ಗಟ್ಟಿಕಾಳು ಹೊರಗೆ ಹೋಯಿತೆಂಬುದನ್ನೇ ನೋಡಿದೆ.

ಮೂರಕ್ಕೂ ಮೊದಲು ಜರಡಿ ಹಿಡಿಯಲೇಬೇಕು. ಗಾಳಿಗೆ ಒಂದು ಕಾಳು ಎಷ್ಟು ದೂರ ಹಾರುತ್ತದೆಂಬುದು ಅದರ ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆ ತೂಕಕ್ಕೂ ಗಾಳಿಗೆ ಒಡ್ಡಿಕೊಂಡ ಮೈಯಗಲಕ್ಕೂ ಇರುವ ಪ್ರಮಾಣವೇ ಮುಖ್ಯ. ಆದ್ದರಿಂದ ದೊಡ್ಡದೊಂದು ಕಡ್ಡಿಚೂರೂ ಚಿಕ್ಕದೊಂದು ಗಟ್ಟಿ ಬೀಜವೂ ಒಂದೇ ಜಾಗದಲ್ಲಿ ಬೀಳಬಹುದು. ಗಾತ್ರ ಒಂದೇ ಆಗಿದ್ದರೆ ಮಾತ್ರ ಗಾಳಿಯು ಜೊಳ್ಳನ್ನೂ ಗಟ್ಟಿಯನ್ನೂ ಸರಿಯಾಗಿ ಬೇರ್ಪಡಿಸುತ್ತದೆ. ಸುಮಾರು 1 ಮಿಲಿಮೀಟರ್ ಅಗಲದ ದಂಟಿನ ಬೀಜವನ್ನು ಅಂಗುಲಕ್ಕೆ 14 ಕಣ್ಣಿನ ಜರಡಿಯಲ್ಲಿ ಇಳಿಸಿ, 30 ಕಣ್ಣಿನ ಹಿಟ್ಟಿನ ಜರಡಿಯ ಮೇಲೆ ಉಳಿಸಿಕೊಂಡರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಮೊರದ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿತ್ತು; ಈ ಪರೀಕ್ಷೆಯ ನಂತರ ಅದು ಹೆಚ್ಚಾಗಿದೆ. ಕೇರುವಾಗ ಮೊರದ ಬೀಸಿನಿಂದಲೇ ಗಾಳಿ ಹುಟ್ಟಿ, ಹಗುರವಾದದ್ದು ಅಂಚಿನ ಕಡೆಗೂ ಭಾರವಾದದ್ದು ಹಿಡಿದವರ ಕಡೆಗೂ ಸರಿಯುತ್ತದೆ. ಮೂಲಂಗಿಯಲ್ಲಿ ಮೊರವನ್ನು ಮೀರಿಸುವ ಸಾಧನ ನನಗೆ ಸಿಕ್ಕಲಿಲ್ಲ. ಮೂಲಂಗಿಯ ಕಾಯಿ ಬೆಂಡಿನಂತಿರುವುದರಿಂದ ಎಷ್ಟು ಬಡಿದರೂ ಕೆಲವು ತುಂಡುಗಳಲ್ಲಿ ಬೀಜ ಒಳಗೇ ಸಿಕ್ಕಿಕೊಂಡಿರುತ್ತದೆ; ಇಂಥ ತುಂಡುಗಳು ಗಾಳಿಯಲ್ಲಿ ಬಿಡಿ ಬೀಜದ ಜೊತೆಗೇ ಬೀಳುತ್ತವೆ. ಮೊರವನ್ನು ಸ್ವಲ್ಪ ಓರೆ ಮಾಡಿ ಮೆಲ್ಲಗೆ ತಟ್ಟಿದರೆ ದುಂಡಗಿನ ಬೀಜ ಉರುಳಿಕೊಂಡು ಇಳಿಯುತ್ತದೆ, ತುಂಡು ಮಾತ್ರ ಮೇಲೆಯೇ ನಿಲ್ಲುತ್ತದೆ. ಆದರೆ ಈ ಕೆಲಸಕ್ಕೆ ಪಳಗಿದ ಕೈ ಬೇಕು. ನನ್ನ ತಾಯಿ ಹತ್ತು ನಿಮಿಷದಲ್ಲಿ ಮುಗಿಸಿದ ಪಾಲಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹಗುರವಾದ ಸಬ್ಬಸಿಗೆ ಬೀಜವಂತೂ ನನ್ನ ಕೈಯಲ್ಲಿ ಹೊಟ್ಟಿನ ಜೊತೆಗೇ ಜಾರಿಹೋಯಿತು.

ಗಾಳಿ ಬಂದಾಗ ತೂರಿಕೊಳ್ಳುವುದು ಕಣದ ರಾಗಿಗೆ ಸರಿ; ಹಿಡಿಯಷ್ಟಿರುವ ಬೀಜಕ್ಕೆ ಏರಿಳಿತವಿಲ್ಲದ ಗಾಳಿ ಬೇಕು. ಅದಕ್ಕಾಗಿಯೇ ಎರಡನೆಯದಾಗಿ ಫ್ಯಾನ್ ಪೆಟ್ಟಿಗೆಯನ್ನು ಮಾಡಿದ್ದು. ರಟ್ಟಿನ ಉದ್ದನೆಯ ಪೆಟ್ಟಿಗೆಯ ಒಂದು ತುದಿಯಲ್ಲಿ ಫ್ಯಾನ್ ಇಟ್ಟು, ಒಳಗೆ ಸಾಲಾಗಿ ಮೂರು ತಟ್ಟೆ ಜೋಡಿಸಿ, ಮೇಲಿನ ಕಿಂಡಿಯಿಂದ ಬೀಜ ಸುರಿದೆ. ಮೊದಲ ದಿನ ಸಂಪೂರ್ಣ ನಿರಾಶೆಯಾಯಿತು. ಫ್ಯಾನಿನ ಗಾಳಿ ನೆಟ್ಟಗೆ ಬರದೆ ಸುಳಿಯಾಗಿ ಬರುತ್ತದೆ, ನಡುವೆ ಒಂದು ವೇಗವಾದರೆ ಅಂಚಿನಲ್ಲಿ ಇನ್ನೊಂದು. ವೈರಿಂಗ್ ಪೈಪನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ಜೇನುಗೂಡಿನ ಹಾಗೆ ಒತ್ತೊತ್ತಾಗಿ ಕಟ್ಟಿ ಫ್ಯಾನಿನ ಮುಂದೆ ನಿಲ್ಲಿಸಿದ ಮೇಲೆ ಗಾಳಿ ಹದಕ್ಕೆ ಬಂತು. ಆಗಲೂ ಮೂರನೆಯ ತಟ್ಟೆಯ ಹೊಟ್ಟಿನಿಂದ 100 ದಂಟಿನ ಬೀಜ ಆರಿಸಿ ಒದ್ದೆ ಬಟ್ಟೆಯಲ್ಲಿಟ್ಟಾಗ 64 ಮೊಳೆತವು. ಮೊಳೆಯುವ ಬೀಜವನ್ನು ಇಷ್ಟೊಂದು ಹೊರಗೆ ಹಾಕುವ ಸಾಧನವನ್ನು ದಂಟಿಗೆ ನಾನು ಒಪ್ಪಲಾರೆ. ಅದೇ ಮೂಲಂಗಿ ಅಥವಾ ಬೆಂಡೆಯಂಥ ದಪ್ಪ ಬೀಜದ ಮೊದಲ ಸುತ್ತಿನ ಕಸ ತೆಗೆಯಲು ಇದಕ್ಕಿಂತ ವೇಗವಾದದ್ದು ಬೇರೊಂದಿಲ್ಲ.

ಮೂರನೆಯದನ್ನು ಕಟ್ಟಲು ಎರಡು ಭಾನುವಾರಗಳು ಹಿಡಿದವು. ಪ್ಲೈವುಡ್ಡಿನಿಂದ ನಾಲ್ಕು ಅಡಿ ಎತ್ತರದ, ಆರು ತಿರುವುಗಳುಳ್ಳ ಕೊಳವೆ ಮಾಡಿ, ಒಳಗೆ ನಡೆಯುವುದು ಕಾಣಲೆಂದು ಮುಂಭಾಗಕ್ಕೆ ಅಕ್ರಿಲಿಕ್ ಹಾಳೆ ಹೊದಿಸಿದೆ. ಕೊಳವೆಯ ತುದಿಯಿಂದ ಪೈಪೊಂದು ಮುಚ್ಚಳವಿರುವ 20 ಲೀಟರಿನ ಪೇಂಟ್ ಬಕೆಟ್ಟಿಗೂ, ಅಲ್ಲಿಂದ ಮತ್ತೊಂದು ವ್ಯಾಕ್ಯೂಮ್ ಕ್ಲೀನರಿಗೂ ಹೋಗುತ್ತದೆ. ತೆಳುವಾದ ಬಕೆಟ್ ಎಳೆತಕ್ಕೆ ಒಳಕ್ಕೆ ಕುಸಿಯುವುದರಿಂದ ಪೇಂಟ್ ಬಕೆಟ್ಟೇ ಬೇಕು. ಗಾಳಿ ಕೊಳವೆಯ ತೆರೆದ ಬುಡದಿಂದ ಮೇಲಕ್ಕೇರುತ್ತಿರುವಾಗ ನಡುವಿನ ಸಣ್ಣ ಕಿಂಡಿಯಿಂದ ಬೀಜ ಬಿಟ್ಟರೆ, ಗಟ್ಟಿಕಾಳು ಗಾಳಿಗೆ ಎದುರಾಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ, ಹೊಟ್ಟು ಬಕೆಟ್ಟನ್ನು ಸೇರುತ್ತದೆ. ನೆಟ್ಟಗಿನ ಕೊಳವೆಯಲ್ಲಿ ಗಾಳಿಯ ತೀರ್ಪು ಒಂದೇ ಸಲ. ಇಲ್ಲಿ ಪ್ರತಿ ತಿರುವಿನಲ್ಲಿಯೂ ಕಾಳು ಗಾಳಿಯ ಹರಿವನ್ನು ಅಡ್ಡಹಾಯುವುದರಿಂದ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ. ಇದರ ಸಾಮರ್ಥ್ಯವೆಲ್ಲ ಇರುವುದು ಅಲ್ಲಿಯೇ.

ಎಳೆತವನ್ನು ತಗ್ಗಿಸಲು ಸೀಲಿಂಗ್ ಫ್ಯಾನಿನ ರೆಗ್ಯುಲೇಟರನ್ನು ಯಾರೂ ಬಳಸಬಾರದು. ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಎಳೆದುಕೊಳ್ಳುವಷ್ಟು ವಿದ್ಯುತ್ತನ್ನು ಅದು ತಾಳಲಾರದು. ಕೊಳವೆಯ ಬಾಯಿಯನ್ನು ಮುಚ್ಚಿ ಗಾಳಿ ತಡೆಯುವುದೂ ತಪ್ಪು, ಏಕೆಂದರೆ ಅಂಥ ಹಲವು ಮೋಟಾರುಗಳು ತಣ್ಣಗಿರುವುದು ತಾವು ಎಳೆಯುವ ಗಾಳಿಯಿಂದಲೇ. ನಾನು ಬಕೆಟ್ಟಿನ ಮುಚ್ಚಳದಲ್ಲಿ ಉದ್ದನೆಯ ಸೀಳು ಮಾಡಿ ಅದಕ್ಕೆ ಜಾರುಪಟ್ಟಿ ಕೂರಿಸಿದ್ದೇನೆ. ಪಟ್ಟಿಯನ್ನು ತೆರೆದಷ್ಟೂ ಹೊರಗಿನ ಗಾಳಿ ನೇರವಾಗಿ ನುಗ್ಗುವುದರಿಂದ ಕೊಳವೆಯೊಳಗಿನ ಎಳೆತ ಕಡಿಮೆಯಾಗುತ್ತದೆ. ದಂಟಿಗೆ, ಸಬ್ಬಸಿಗೆಗೆ ಪಟ್ಟಿ ಎಲ್ಲಿ ನಿಲ್ಲಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದೇನೆ.

ಈ ಬಕೆಟ್ಟಿನ ಹೊಟ್ಟಿನಿಂದ ಆರಿಸಿದ 100 ದಂಟಿನ ಬೀಜಗಳಲ್ಲಿ ಮೊಳೆತದ್ದು 9 ಮಾತ್ರ. ಸಬ್ಬಸಿಗೆಯಲ್ಲಿ ಫಲ ಇಷ್ಟು ಸ್ಪಷ್ಟವಾಗಿರಲಿಲ್ಲ: ಚಪ್ಪಟೆಯಾದ ಆ ಬೀಜವನ್ನು ಎರಡು ಸಲ ಹಾಯಿಸಬೇಕಾಯಿತು, ಅದರಷ್ಟೇ ಉದ್ದದ ತೊಟ್ಟಿನ ಚೂರುಗಳು ಆಗಲೂ ಉಳಿದವು. ಒಣ ಹವೆಯಲ್ಲಿ ಅಕ್ರಿಲಿಕ್ ಹಾಳೆಗೆ ಹಗುರ ಬೀಜ ಅಂಟಿಕೊಳ್ಳುವುದೂ ಒಂದು ತೊಡಕು. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಅಂಟುವುದು ಕಡಿಮೆಯಾಗುತ್ತದೆ.

ಹೀಗಾಗಿ ಈಗ ನಮ್ಮ ಮನೆಯಲ್ಲಿ ದಂಟು, ಸಬ್ಬಸಿಗೆಗೆ ಕೊಳವೆ. ಮೂಲಂಗಿಗೆ ಫ್ಯಾನ್ ಪೆಟ್ಟಿಗೆಯ ಒಂದು ಸುತ್ತು, ಆಮೇಲೆ ಮೊರ. ಒಂದೆರಡು ಹಿಡಿಯಷ್ಟೇ ಬೀಜ ತೆಗೆಯುವವರು ಕೊಳವೆ ಕಟ್ಟುವ ಶ್ರಮಕ್ಕೆ ಇಳಿಯಬೇಕಿಲ್ಲ, ಮೊರವನ್ನೇ ಕಲಿಯಲಿ. ಕೊಳವೆ ಕಟ್ಟುವವರು ಮುಂಭಾಗದ ಹಾಳೆಯನ್ನು ಅಂಟು ಹಾಕಿ ಕೂರಿಸದೆ, ಕೈಯಲ್ಲೇ ಬಿಚ್ಚಬಹುದಾದ ತಿರುಪುಗಳಿಂದ ಬಿಗಿಯಬೇಕು. ಕೆಂಪು ದಂಟನ್ನು ಹಾಯಿಸಿ, ತಿರುವುಗಳ ಮೂಲೆಯನ್ನು ಬ್ರಷ್ಷಿನಿಂದ ಗುಡಿಸದೆ ಹಸಿರು ದಂಟನ್ನು ಬಿಟ್ಟಿದ್ದೆ. ಎರಡರ ಬೀಜವೂ ಕಪ್ಪಾದ್ದರಿಂದ ಬೆರೆತದ್ದು ಆಗ ತಿಳಿಯಲೇ ಇಲ್ಲ. ಹಸಿರು ದಂಟಿನ ಮಡಿಯಲ್ಲಿ ಕೆಂಪು ಸಸಿಗಳು ಎದ್ದಾಗಲೇ ತಿಳಿದದ್ದು. ಅವುಗಳನ್ನು ಹೂವಾಗುವ ಮೊದಲೇ ಒಂದೊಂದಾಗಿ ಕಿತ್ತು ತೆಗೆಯಬೇಕಾಯಿತು.