ಬಿಳಿ ಕೋಲು, ನೀಲಿ ಪಟ್ಟಿಯ ಕಾರ್ಡು, ಮಾತಾಡುವ ಫೋನು: ಕಲಬುರಗಿಯಲ್ಲಿ ಎಂಟು ವರ್ಷದ ಬಳಕೆ

ನಾನು ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನ ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವವನು. ತೊಗರಿಯ ಆವಕ, ತೂಕ, ಹಮಾಲಿ, ದಲಾಲಿ ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅಕ್ಷಿಪಟಲದ ಕಾಯಿಲೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕೋಶಗಳು ಇದರಲ್ಲಿ ಮೊದಲು ನಶಿಸುವುದರಿಂದ ಶುರುವಿಗೆ ಇರುಳುಗಣ್ಣು ಬರುತ್ತದೆ, ಆಮೇಲೆ ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಕುಗ್ಗಿ ಕೊನೆಗೆ ಕೊಳವೆಯೊಳಗಿಂದ ಇಣುಕಿದಂತಾಗುತ್ತದೆ. ವಂಶದಲ್ಲಿ ಬರುವ ಕಾಯಿಲೆ ಇದು. ನಮ್ಮ ಮನೆತನದಲ್ಲಿ ಸೋದರ ಸಂಬಂಧದ ಮದುವೆಗಳೇ ಹೆಚ್ಚು, ಸೇಡಂ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೂ ಇದೇ ಇದೆ.

ಈ ವಿಮರ್ಶೆ ಒಂದೇ ವಸ್ತುವಿನದಲ್ಲ. ದೃಷ್ಟಿ ಹೋದವರಿಗೆಂದು ಇರುವ ಸೌಲಭ್ಯಗಳಲ್ಲಿ ನಾನು 2018ರಿಂದ ಬಳಸುತ್ತಾ ಬಂದವುಗಳ ಬಗ್ಗೆ, ಒಬ್ಬ ಗಿರಾಕಿಯ ಲೆಕ್ಕದಲ್ಲಿ, ಬರೆಯುತ್ತಿದ್ದೇನೆ. ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಕೊಡುವವರಿಗೆ ಕೊರತೆಯಿಲ್ಲ, ಕಲಿಸುವವರು ಸಿಗುವುದಿಲ್ಲ.

ಕೋಲಿನಿಂದಲೇ ಆರಂಭಿಸುತ್ತೇನೆ. 2018ರಲ್ಲಿ ಒಂದು ಉಚಿತ ಶಿಬಿರದಲ್ಲಿ ನನಗೆ ನಾಲ್ಕು ಮಡಿಕೆಯ ಅಲ್ಯೂಮಿನಿಯಂ ಕೋಲು ಕೊಟ್ಟರು. ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೋ ತೆಗೆದು ಕಳುಹಿಸಿದರು. ಆ ಕೋಲು ನನ್ನ ಸೊಂಟದವರೆಗೆ ಮಾತ್ರ ಬರುತ್ತಿತ್ತು. ಬಿಳಿ ಕೋಲು ನಿಂತವನ ಎದೆಯ ಮೂಳೆಯ ಮಟ್ಟಕ್ಕಾದರೂ ಬರಬೇಕು, ಇಲ್ಲವಾದರೆ ಕೋಲು ಅಡ್ಡಿಯನ್ನು ಮುಟ್ಟಿದ ಕ್ಷಣಕ್ಕೂ ಕಾಲು ಅದನ್ನು ತಾಗುವ ಕ್ಷಣಕ್ಕೂ ನಡುವೆ ನಿಲ್ಲಲು ಸಮಯವೇ ಸಿಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಮುಂದಿನ ವರ್ಷ. ಅಲ್ಲಿಯವರೆಗೆ ನಾನು ಅದನ್ನು ಮುದುಕರ ಊರುಗೋಲಿನಂತೆ ನೇರವಾಗಿ ಊರಿಕೊಂಡು ನಡೆದೆ, ಎರಡು ಸಲ ಚರಂಡಿಗೆ ಬಿದ್ದೆ, ಆಮೇಲೆ ಅದನ್ನು ಬಾಗಿಲ ಹಿಂದೆ ಇಟ್ಟು ಮಗನ ಹೆಗಲು ಹಿಡಿದು ಓಡಾಡತೊಡಗಿದೆ. ಮಗನಿಗೆ ಆಗ ಹನ್ನೊಂದು ವರ್ಷ.

2019ರಲ್ಲಿ ಕಣ್ಣು ತೋರಿಸಲೆಂದು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಹೋದಾಗ, ಔಷಧಿಯಿಲ್ಲ ಎಂದು ಹೇಳಿದ ವೈದ್ಯರು ಅಷ್ಟಕ್ಕೇ ಬಿಡದೆ ಅಲ್ಲಿಯ ಪುನರ್ವಸತಿ ವಿಭಾಗಕ್ಕೆ ಚೀಟಿ ಬರೆದರು. ಈ ಎಂಟು ವರ್ಷದಲ್ಲಿ ನನಗೆ ದಕ್ಕಿದ ಅತ್ಯುತ್ತಮ ಸೇವೆ ಅದು. ಕೋಲಿನ ತುದಿಯನ್ನು ಹೆಗಲಿನಗಲಕ್ಕೆ ಎಡಬಲ ಕಮಾನಿನಂತೆ ಆಡಿಸುತ್ತಾ, ಎಡಗಾಲು ಮುಂದಿಡುವಾಗ ಬಲಕ್ಕೂ ಬಲಗಾಲು ಮುಂದಿಡುವಾಗ ಎಡಕ್ಕೂ ತಟ್ಟುವುದನ್ನು ಅಲ್ಲಿ ಕಲಿಸಿದರು. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದ ವಿಧಾನವಂತೆ. ಪಾಠವೆಲ್ಲ ತೆಲುಗು ಮತ್ತು ಹಿಂದಿಯಲ್ಲಿ ನಡೆಯಿತು. ದಖನಿ ಉರ್ದು ಕಿವಿಗೆ ಬಿದ್ದು ಬೆಳೆದ ನನಗೆ ಅದು ತೊಡಕಾಗಲಿಲ್ಲ, ಆದರೆ ನನ್ನ ಅಕ್ಕನನ್ನು ಅಲ್ಲಿ ಕೂರಿಸಿದ್ದರೆ ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಆ ವಿದ್ಯೆಗೆ ಕಲಬುರಗಿಯ ನೆಲದ ಒಂದು ಪಾಠ ಸೇರಿತು. ನಮ್ಮಲ್ಲಿ ಚರಂಡಿಯ ಮೇಲೆ ಶಹಾಬಾದಿ ಕಲ್ಲಿನ ಚಪ್ಪಡಿ ಹಾಸುವುದು ರೂಢಿ. ನೆಲಕ್ಕೆ ಅಂಟಿದ ಕಲ್ಲನ್ನು ತಟ್ಟಿದರೆ ಟಪ್ ಎಂದು ಮೊಂಡ ಸದ್ದು ಬರುತ್ತದೆ, ಕೆಳಗೆ ಚರಂಡಿ ಇದ್ದರೆ ಮಡಕೆ ಬಾರಿಸಿದಂಥ ಟೊಳ್ಳು ಸದ್ದು. ಸೂಪರ್ ಮಾರ್ಕೆಟ್ ಕಡೆಗೆ ನಡೆಯುವಾಗ ನಾನು ಆ ಟೊಳ್ಳು ಸದ್ದನ್ನೇ ಗೆರೆಯಂತೆ ಹಿಡಿದು ಸಾಗುತ್ತೇನೆ. ಸದ್ದು ಒಮ್ಮೆಲೇ ನಿಂತು ಕೋಲು ಗಾಳಿಯಲ್ಲಿ ಆಡಿದರೆ ಅಲ್ಲೊಂದು ಚಪ್ಪಡಿ ಇಲ್ಲವೆಂದೇ ಅರ್ಥ. ಇದನ್ನು ಯಾವ ಹೈದರಾಬಾದಿನವರೂ ಕಲಿಸಲಾರರು. ಕೋಲಿನ ನೈಲಾನ್ ತುದಿ ನಮ್ಮ ರಸ್ತೆಯಲ್ಲಿ ಆರೇಳು ತಿಂಗಳಿಗೆ ಸವೆದುಹೋಗುತ್ತದೆ, ಒಳಗಿನ ಇಲಾಸ್ಟಿಕ್ ಹಗ್ಗ ಸಡಿಲಾದರೆ ಮಡಿಕೆಗಳು ನಡೆಯುತ್ತಿರುವಾಗಲೇ ಕಳಚುತ್ತವೆ, ಎರಡಕ್ಕೂ ಬಿಡಿಭಾಗ ನನಗೆ ಊರಲ್ಲಿ ಸಿಕ್ಕಿಲ್ಲ. ನಡುವೆ ಒಂದು ವರ್ಷ, ಶ್ರವಣಾತೀತ ಅಲೆಗಳಿಂದ ಎದುರಿನ ಅಡ್ಡಿಯನ್ನು ಗುರುತಿಸಿ ಕೈಯಲ್ಲಿ ಕಂಪಿಸುವ ಕೋಲನ್ನೂ ಬಳಸಿದೆ. ಎದೆಯ ಮಟ್ಟಕ್ಕೆ ಚಾಚಿಕೊಂಡ ಲಾರಿಯ ಹಲಗೆ, ತಗ್ಗಿದ ಕೊಂಬೆ ಇಂಥವನ್ನು ಅದು ಹೇಳುತ್ತದೆ, ಸಾದಾ ಕೋಲಿಗೆ ಅವು ತಿಳಿಯುವುದಿಲ್ಲ. ಆದರೆ ಗಂಜಿನ ಹಮಾಲರು, ಕೈಗಾಡಿಗಳು, ದನಗಳ ನಡುವೆ ಅದು ಬಿಡದೆ ನಡುಗುತ್ತಲೇ ಇರುತ್ತದೆ, ಹಾಗಾಗಿ ನಾನು ಸಾದಾ ಕೋಲಿಗೇ ಮರಳಿದೆ.

ಅಂಧತ್ವದ ಪ್ರಮಾಣಪತ್ರ ಪಡೆದ ಕಥೆ ಇದಕ್ಕಿಂತ ಬೇರೆ. ನನ್ನ ಕಾಯಿಲೆಯಲ್ಲಿ ನಡುವಿನ ನೋಟ ಬಹುಕಾಲ ಚೊಕ್ಕವಾಗಿಯೇ ಉಳಿಯುತ್ತದೆ. ಹಾಗಾಗಿ ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ನಾನು ಬಹುಮಟ್ಟಿಗೆ ಓದಿಬಿಟ್ಟೆ. ಇಷ್ಟು ಓದುವವರಿಗೆ ಎಂಥ ಕುರುಡು ಎಂದು ಅಲ್ಲಿದ್ದವರೊಬ್ಬರು ನಕ್ಕರು. ಬಾಗಿಲಲ್ಲಿ ಇಟ್ಟಿದ್ದ ಬಕೆಟ್ ಕಾಣದೆ ನಾನು ಅದನ್ನು ಒದ್ದುಕೊಂಡೇ ಒಳಗೆ ಬಂದದ್ದನ್ನು ಅವರು ನೋಡಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಧತ್ವವೆಂದರೆ ನೋಟ ಪೂರ್ತಿ ಇಲ್ಲದಿರುವುದಷ್ಟೇ ಅಲ್ಲ. ಒಳ್ಳೆಯ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ, ದೃಷ್ಟಿ 3/60ಕ್ಕಿಂತ ಕಡಿಮೆ ಇರುವುದು (ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದಲೂ ಕಾಣದಿರುವುದು), ಅಥವಾ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿರುವುದು ಕೂಡ ಅಂಧತ್ವವೇ. ನನ್ನದು ಈ ಕೊನೆಯ ಬಗೆ. ನೋಟದ ಹರವನ್ನು ಅಳೆಯುವ ಪರೀಕ್ಷೆ ಬೇಕೆಂದು ನಾನೇ ಕೇಳಿ, ಮೂರನೆಯ ಭೇಟಿಯಲ್ಲಿ ಅದನ್ನು ಮಾಡಿಸಿಕೊಂಡ ಮೇಲೆ ಪ್ರಮಾಣಪತ್ರ ಸಿಕ್ಕಿತು. ಇದೇ ಕಾಯಿಲೆ ಇರುವವರು ಮೊದಲ ದಿನವೇ ಆ ಪರೀಕ್ಷೆಯ ಹೆಸರು ಹೇಳಿ ಕೇಳಬೇಕು: ಪೆರಿಮೆಟ್ರಿ.

ಆಮೇಲೆ ಅಂಚೆಯಲ್ಲಿ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಬಂತು. ಅದರ ಮೇಲಿನ ಪಟ್ಟಿ ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ನನ್ನದು ನೀಲಿ. ಕಣ್ಣು ಕಾಣದವರ ಕಾರ್ಡಿನ ದರ್ಜೆಯನ್ನು ಬಣ್ಣದಲ್ಲಿ ಹೇಳಿದವರ ವಿನೋದಪ್ರಜ್ಞೆಗೆ ನಮಸ್ಕಾರ. ಕಿಸೆಯಲ್ಲಿ ಎಟಿಎಂ, ಪಾನ್, ಇದು ಮೂರೂ ಕೈಗೆ ಒಂದೇ ತೆರನಾಗಿರುವುದರಿಂದ ನನ್ನ ಹೆಂಡತಿ ಈ ಕಾರ್ಡಿನ ಮೂಲೆಗೆ ತನ್ನದೊಂದು ಸ್ಟಿಕ್ಕರ್ ಕುಂಕುಮ ಅಂಟಿಸಿದ್ದಾಳೆ. ಗ್ಯಾಸ್ ಒಲೆಯ ಗುಬುಟು, ಫ್ಯಾನಿನ ಸ್ವಿಚ್ಚು, ಮಾತ್ರೆಯ ಡಬ್ಬಿ ಎಲ್ಲಕ್ಕೂ ಈಗ ಅದೇ ಗುರುತು. ಒಂದು ಹಾಳೆಯ ಕುಂಕುಮಕ್ಕೆ ಹತ್ತು ರೂಪಾಯಿ. ಈ ವಿಮರ್ಶೆಯಲ್ಲಿ ಪೂರ್ಣ ಅಂಕ ಪಡೆಯುವ ಸಾಧನ ಅದೊಂದೇ.

ಕಾರ್ಡಿನಿಂದ ಆದ ದೊಡ್ಡ ಉಪಕಾರ ಬಸ್ಸಿನದು. ಅಂಧರಿಗೆ ರಾಜ್ಯದ ಸಾರಿಗೆ ನಿಗಮಗಳ ಉಚಿತ ಪಾಸಿದೆ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕಂಡಕ್ಟರುಗಳು ನನ್ನೊಂದಿಗೆ ಒಳ್ಳೆಯದಾಗಿಯೇ ನಡೆದುಕೊಂಡಿದ್ದಾರೆ. ಜಗತ್ ವೃತ್ತ ಬಂತು ಸಾಹುಕಾರ್ರೇ ಎಂದು ಕೂಗಿ ಇಳಿಸುವವರೂ ಇದ್ದಾರೆ. ಬರುವ ಬಸ್ಸು ಯಾವುದೆಂದು ತಿಳಿಯಲು ಮಾತ್ರ ಇವತ್ತಿಗೂ ಪಕ್ಕದವರನ್ನೇ ಕೇಳಬೇಕು, ಏಕೆಂದರೆ ಬೋರ್ಡು ಮಾತಾಡುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅಕ್ಕನಿಗೆ ಅಂಧರ ಪಾಸಿನ ಅಗತ್ಯವೇ ಉಳಿಯಲಿಲ್ಲ. ಕಣ್ಣಿಲ್ಲವೆಂದು ಸಾಬೀತು ಮಾಡುವುದಕ್ಕಿಂತ ಹೆಣ್ಣೆಂದು ತೋರಿಸುವುದು ಸುಲಭ ಎಂದು ಅವಳು ನಗುತ್ತಾಳೆ.

ರೈಲಿನಲ್ಲಿ ಲೆಕ್ಕ ಬೇರೆ. ಅಲ್ಲಿನ ರಿಯಾಯಿತಿ ನೋಟ ಸಂಪೂರ್ಣ ಇಲ್ಲದವರಿಗೆ ಮಾತ್ರ. ಅವರಿಗೆ ಎರಡನೇ ದರ್ಜೆ, ಸ್ಲೀಪರ್, ಮೂರನೇ ಎಸಿಯಲ್ಲಿ ಶೇ. 75 ರಿಯಾಯಿತಿಯಿದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ಇದೆ. ಕಾಯ್ದೆಯ ಪ್ರಕಾರ ನಾನು ಅಂಧ, ಈ ನಿಯಮದ ಪ್ರಕಾರ ಅಲ್ಲ. ಹಾಗಾಗಿ ಹೈದರಾಬಾದಿಗೆ ಹೋದಾಗಲೆಲ್ಲ ಪೂರ್ತಿ ಟಿಕೆಟ್ ಕೊಂಡೇ ಹೋಗಿದ್ದೇನೆ.

ಇನ್ನು ಹಣದ ಮಾತು. ಗಂಜಿನಲ್ಲಿ ನೋಟು ಗುರುತಿಸಲಾಗದವನು ಗುಮಾಸ್ತನಾಗಿ ಉಳಿಯಲಾರ. ಹೊಸ ಸರಣಿಯ ನೋಟುಗಳ ಅಂಚಿನಲ್ಲಿ ಉಬ್ಬು ಓರೆಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ವೃತ್ತ, ಐನೂರಕ್ಕೆ ಐದು. ಬ್ಯಾಂಕಿನಿಂದ ಈಗಷ್ಟೇ ಬಂದ ನೋಟಿನಲ್ಲಿ ಇವು ಬೆರಳಿಗೆ ಚೆನ್ನಾಗಿ ಸಿಗುತ್ತವೆ. ತೊಗರಿ ಧೂಳು, ಬೆವರು ಕುಡಿದು ನೂರು ಕೈ ದಾಟಿದ ನೋಟಿನಲ್ಲಿ ಏನೂ ಉಳಿದಿರುವುದಿಲ್ಲ. ಆಗ ಉದ್ದವನ್ನೇ ನಂಬಬೇಕು. ನೂರರ ಉದ್ದ 142 ಮಿಲಿಮೀಟರ್, ಇನ್ನೂರರದು 146, ಐನೂರರದು 150. ಅಗಲ ಮೂರಕ್ಕೂ ಒಂದೇ, 66. ನಾಲ್ಕು ಮಿಲಿಮೀಟರ್ ಎಂದರೆ ಒಂದು ತೊಗರಿ ಕಾಳಿಗಿಂತಲೂ ಕಡಿಮೆ ಅಂತರ. ನಾನು ಎಡಗೈಯ ಎರಡು ಬೆರಳ ನಡುವೆ ಗೊತ್ತಿರುವ ಒಂದು ನೂರರ ನೋಟನ್ನು ಹಿಡಿದಿಟ್ಟು, ಬಂದ ನೋಟನ್ನು ಅದರ ಮೇಲೆ ಒಂದು ತುದಿ ಕೂಡಿಸಿ ಇನ್ನೊಂದು ತುದಿ ಎಷ್ಟು ಹೊರಚಾಚಿದೆ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತೇನೆ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ಮಣಿ ಆ್ಯಪ್ ಇಂಟರ್ನೆಟ್ ಇಲ್ಲದೆಯೇ ನೋಟಿನ ಬೆಲೆ ಹೇಳುತ್ತದೆ, ಮನೆಯಲ್ಲಿ ಕುಳಿತು ಲೆಕ್ಕ ತಾಳೆ ನೋಡಲು ಅದು ಚೆನ್ನ. ಎದುರಿಗೆ ಹತ್ತು ರೈತರು ಸಾಲು ನಿಂತಾಗ ಒಂದೊಂದೇ ನೋಟನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾ ಕೂರುವುದು ಆಗದ ಮಾತು. ಈಗ ಅಂಗಡಿಗಳಲ್ಲಿ ಹಣ ಬಂತೆಂದು ಕನ್ನಡದಲ್ಲೇ ಕೂಗುವ ಪೆಟ್ಟಿಗೆಗಳಿವೆಯಲ್ಲ, ಅವನ್ನು ನಮಗಾಗಿ ಮಾಡಿದ್ದಲ್ಲ, ಆದರೆ ನಮಗಾಗಿ ಮಾಡಿದ ಹಲವು ವಸ್ತುಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿವೆ.

ಫೋನಿನ ವಿಷಯದಲ್ಲೂ ಕೋಲಿನ ಕಥೆಯೇ ಮರುಕಳಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇದ್ದೇ ಇರುತ್ತದೆ, ಅದಕ್ಕೆ ಕನ್ನಡ ಧ್ವನಿಯೂ ಇದೆ, ಕಾಸು ಕೊಡಬೇಕಿಲ್ಲ. ಆದರೆ ಅದನ್ನು ಆನ್ ಮಾಡಿದ ಕೂಡಲೇ ಫೋನು ಮೊದಲಿನಂತೆ ನಡೆಯುವುದಿಲ್ಲ: ಬೆರಳನ್ನು ಬಲಕ್ಕೆ ಜಾರಿಸಿದರೆ ಮುಂದಿನ ಅಂಶ ಓದುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು. ಇದು ತಿಳಿಯದ ನನ್ನ ಮಗ ಫೋನ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಒಯ್ದ, ಅಲ್ಲಿಯವನು ಎಲ್ಲವನ್ನೂ ಅಳಿಸಿ ಮುನ್ನೂರು ರೂಪಾಯಿ ತೆಗೆದುಕೊಂಡ. ನನಗೆ ಕಲಿಸಿದ್ದು ಯಾವ ಸಂಸ್ಥೆಯೂ ಅಲ್ಲ, ಬೀದರಿನ ಒಬ್ಬ ಅಂಧ ಶಿಕ್ಷಕರು. ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಲ್ಲಿ, ದಿನಕ್ಕೊಂದು ಬೆರಳಿನ ಆಟದಂತೆ, ನಲವತ್ತು ದಿನ. ಅವರ ಕನ್ನಡದಲ್ಲಿ ಸ್ವೈಪ್ ಎಂದರೆ 'ರೊಟ್ಟಿ ಮೇಲಿನ ಹಿಟ್ಟು ಜಾಡಿಸಿದಂಗ'. ಆ ಮಾತು ಕೇಳಿದ ಮೇಲೆ ನನ್ನ ಬೆರಳು ತಪ್ಪಲಿಲ್ಲ.

ಕಂಪ್ಯೂಟರಿನಲ್ಲಿ ನಾನು ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಬಳಸುತ್ತೇನೆ, ಅದೂ ಉಚಿತವೇ. ಯುನಿಕೋಡ್ ಎಂಬ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದ ಕನ್ನಡವನ್ನು ಅದು ಸರಾಗವಾಗಿ ಓದುತ್ತದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪು ಮಾಡಿದ ಸುತ್ತೋಲೆ ಬಂದರೆ ಮಾತ್ರ ಕಥೆ ಮುಗಿಯಿತು; ಕಣ್ಣಿಗೆ ಕನ್ನಡವಾಗಿ ಕಾಣುವುದು ಒಳಗೆ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿರುವುದರಿಂದ 'ಕನ್ನಡ' ಎಂಬ ಪದವನ್ನೇ ಅದು 'ಪಿ, ಎ ಗ್ರೇವ್, ಪೌಂಡ್' ಎಂದು ಓದತೊಡಗುತ್ತದೆ. ವಿಕಲಚೇತನರ ಸೌಲಭ್ಯದ ಕುರಿತ ಒಂದು ಆದೇಶದ ಪಿಡಿಎಫ್ ನನಗೆ ಹೀಗೇ ಬಂದಿತ್ತು. ಅದನ್ನು ಓದಿಸಿಕೊಳ್ಳಲು ಮಗನನ್ನೇ ಕರೆಯಬೇಕಾಯಿತು.

ಬ್ಯಾಂಕ್ ಆ್ಯಪ್‌ಗಳಲ್ಲಿ ಹೆಸರಿಲ್ಲದ ಬಟನ್ನುಗಳ ಕಾಟ ಮೊದಲಿಗಿಂತ ಕಡಿಮೆಯಾಗಿದೆ. ಗಿರಾಕಿಯ ಗುರುತು ಖಚಿತಪಡಿಸಿಕೊಳ್ಳುವ ಕೆವೈಸಿ ಮಾತ್ರ ಇನ್ನೂ ಕಷ್ಟ: ಮುಖವನ್ನು ಚೌಕಟ್ಟಿನೊಳಗೆ ಹಿಡಿದು ಕಣ್ಣು ಮಿಟುಕಿಸಿ ಎನ್ನುತ್ತದೆ, ಚೌಕಟ್ಟು ಎಲ್ಲಿದೆಯೆಂದು ಹೇಳುವುದಿಲ್ಲ. ಡಿಜಿಟಲ್ ಸೇವೆಗಳು ಎಲ್ಲರಿಗೂ ನಿಲುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿ, ಕೆವೈಸಿಯನ್ನು ಅಂಧರಿಗೂ ಸಾಧ್ಯವಾಗುವಂತೆ ಬದಲಿಸಲು ನಿರ್ದೇಶನಗಳನ್ನು ಕೊಟ್ಟಿದೆ. ಆ ತೀರ್ಪಿನ ನಂತರ ನಾನು ಒಂದು ಶಾಖೆಗೆ ಹೋದಾಗ ಮೇಜಿನ ಆಚೆಯವರು ನನ್ನ ಮುಖವನ್ನು ತಾವೇ ಫೋನಿಗೆ ತಿರುಗಿಸಿ ಹಿಡಿದರು. ಬೇಗ ಮುಗಿಯಿತು, ನಿಜ. ನನ್ನ ಗಲ್ಲದ ಮೇಲೆ ಪರಕೀಯರ ಕೈ ಇತ್ತು, ಅದೂ ನಿಜ.

ಹಳ್ಳಿಯ ಸ್ಥಿತಿ ತಿಳಿಯಲು ಅಕ್ಕನನ್ನೇ ನೋಡಬೇಕು. ಅವಳ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಸ್ವತಃ ಕಾಲಿನ ಅಂಗವಿಕಲರು, ಗೌರವಧನದ ಮೇಲೆ ದುಡಿಯುವವರು. ಅವರೇ ಓಡಾಡಿ ಅವಳ ಕಾರ್ಡು, ಮಾಸಾಶನ ಎರಡನ್ನೂ ಮಾಡಿಸಿಕೊಟ್ಟರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅಕ್ಕನಿಗೆ ಸಿಕ್ಕ ಸೇವೆ ಅಲ್ಲಿಗೆ ನಿಂತಿತು. ಹೊಲಕ್ಕೆ ಹೋಗುತ್ತಿದ್ದವಳು ಮಾಸಾಶನ ಬಂದ ಮೇಲೂ ಒಳಮನೆಯಿಂದ ಹಿತ್ತಲಿಗೆ ಗೋಡೆ ಸವರಿಕೊಂಡೇ ಹೋಗುತ್ತಿದ್ದಳು, ಏಕೆಂದರೆ ಕೋಲು ಹಿಡಿಯುವುದನ್ನು, ಅದೂ ಹೆಂಗಸೊಬ್ಬಳಿಗೆ, ಅವಳ ಅಂಗಳಕ್ಕೆ ಬಂದು ಕನ್ನಡದಲ್ಲಿ ಕಲಿಸುವ ಒಬ್ಬರೂ ಇರಲಿಲ್ಲ.

ಕಳೆದ ಉಗಾದಿಯಿಂದ ನಾನೇ ತಿಂಗಳಿಗೆ ಎರಡು ಭಾನುವಾರ ಹೋಗಿ ಕಲಿಸುತ್ತಿದ್ದೇನೆ. ಶಿಬಿರದ ಆ ಹಳೆಯ ಗಿಡ್ಡ ಕೋಲು ನನಗಿಂತ ಬಹಳ ಕುಳ್ಳಗಿರುವ ಅವಳಿಗೂ ಸಾಲದು. ಮುಂದಿನ ವಾರ ಗಂಜಿನವರೊಬ್ಬರು ಹೈದರಾಬಾದಿಗೆ ಹೋಗುತ್ತಿದ್ದಾರೆ. ಅವರಿಗೆ ನನ್ನ ಕೋಲಿಗೆ ಎರಡು ನೈಲಾನ್ ತುದಿ, ಅಕ್ಕನ ಎದೆಮಟ್ಟಕ್ಕೆ ದಾರದಲ್ಲಿ ಅಳೆದು ಗಂಟು ಹಾಕಿದ ಉದ್ದದ ಒಂದು ಹೊಸ ಕೋಲು ತರಲು ಹೇಳಿ, ದಾರವನ್ನೂ ಕೊಟ್ಟಿದ್ದೇನೆ.