ವರ್ಡ್ ಪವರ್ ಮೇಡ್ ಈಸಿ: ಪೆನ್ಸಿಲ್ ಹಿಡಿದು ಓದಬೇಕಾದ ಪುಸ್ತಕ

ಇಂಗ್ಲಿಷ್ ಪದಸಂಪತ್ತು ಹೆಚ್ಚಿಸಿಕೊಳ್ಳಲು ಯಾವ ಪುಸ್ತಕ ಓದಲಿ ಎಂದು ಕೇಳಿದರೆ ಮೊದಲು ಬರುವ ಹೆಸರು ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’. 1949ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾಗಿ, 1978ರಲ್ಲಿ ಪರಿಷ್ಕರಣೆಗೊಂಡ ಪುಸ್ತಕ ಇದು. ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಎಂದು ತಯಾರಿ ನಡೆಸುವವರ ಮೇಜಿನ ಮೇಲೆ ಇದು ಇದ್ದೇ ಇರುತ್ತದೆ. ಆದರೆ ಕಾದಂಬರಿಯಂತೆ ಓದಲು ಹೊರಟು ಅರ್ಧಕ್ಕೇ ಕೈಬಿಟ್ಟವರೂ ಬಹಳ. ಹೆಚ್ಚಿನ ಪುಟಗಳಲ್ಲಿ ಬರೆಯುವ ಕೆಲಸವಿದೆ. ಅದನ್ನು ಬಿಟ್ಟು ಓದಿದರೆ ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಮೂರನೇ ಅಧ್ಯಾಯವನ್ನು ನೋಡಿ. ಮನುಷ್ಯರ ಸ್ವಭಾವಕ್ಕೆ ಸಂಬಂಧಿಸಿದ ಹತ್ತು ಪದಗಳು: ಈಗೋಯಿಸ್ಟ್, ಆಲ್ಟ್ರೂಯಿಸ್ಟ್, ಇಂಟ್ರೋವರ್ಟ್, ಮಿಸಂತ್ರೋಪ್ (ಮನುಷ್ಯರನ್ನೇ ದ್ವೇಷಿಸುವವ), ಹೀಗೆ. ಮೊದಲು ಉಚ್ಚಾರಣೆ, ಆಮೇಲೆ ಹೊಂದಿಸಿ ಬರೆಯುವುದು, ಹೌದು-ಇಲ್ಲ ಪ್ರಶ್ನೆ, ಕೊನೆಗೆ ನೆನಪಿನಿಂದಲೇ ಪದ ಬರೆಯುವುದು. ಇಷ್ಟಾದ ಮೇಲೆ ಪದವನ್ನು ಬಿಡಿಸಿ ತೋರಿಸುತ್ತಾರೆ. ‘ಆಲ್ಟರ್’ ಎಂದರೆ ಲ್ಯಾಟಿನ್‌ನಲ್ಲಿ ಇನ್ನೊಬ್ಬ. ಅದರಿಂದಲೇ ಪರಹಿತ ಬಯಸುವ ಆಲ್ಟ್ರೂಯಿಸ್ಟ್, ಅದರಿಂದಲೇ ಆಲ್ಟರ್ನೇಟ್, ಆಲ್ಟರ್ಕೇಷನ್. ‘ಗಾಮೋಸ್’ ಗ್ರೀಕ್‌ನಲ್ಲಿ ಮದುವೆ; ಮೊನಾಗಮಿ, ಬಿಗಮಿ, ಪಾಲಿಗಮಿ ಮೂರೂ ಒಟ್ಟಿಗೆ ಕೈಗೆ ಸಿಗುತ್ತವೆ. ಹತ್ತು ಪದ ಎಂದು ಕುಳಿತವರು ಅವುಗಳ ಹತ್ತಾರು ನೆಂಟರನ್ನೂ ಪರಿಚಯ ಮಾಡಿಕೊಂಡೇ ಏಳುತ್ತಾರೆ. ಅಕಾರಾದಿಯಾಗಿ ಪದಪಟ್ಟಿ ಉರುಹೊಡೆಸುವ ಗೈಡುಗಳಿಗಿಂತ ಈ ಪುಸ್ತಕ ಎಷ್ಟೋ ಮೇಲು ಎನ್ನುವುದು ಇದಕ್ಕೇ.

ಒಂದು ತೊಡಕಿದೆ. ಉತ್ತರಗಳನ್ನು ಅಭ್ಯಾಸದ ಕೆಳಗೇ ಅಚ್ಚು ಹಾಕಿದ್ದಾರೆ. ಒಂದು ದಪ್ಪ ರಟ್ಟಿನ ತುಂಡನ್ನು ಪುಸ್ತಕದಲ್ಲೇ ಇಟ್ಟುಕೊಂಡು ಆ ಭಾಗ ಮುಚ್ಚಿಯೇ ಬರೆಯಬೇಕು. ಹಳೆಯ ಪ್ರತಿ ಕೊಳ್ಳುವುದಾದರೆ ಹಿಂದಿನವರು ಪೆನ್ನಿನಲ್ಲಿ ಖಾಲಿ ಜಾಗ ತುಂಬಿದ್ದಾರೆಯೇ ಎಂದು ಪುಟ ತಿರುವಿ ನೋಡಿ. ಫುಟ್‌ಪಾತ್‌ನ ನಕಲು ಪ್ರತಿ ಬೇಡವೇ ಬೇಡ. ಅಚ್ಚು ಮಸುಕಾದರೆ ಮೊದಲು ಮಾಯವಾಗುವುದು ಉಚ್ಚಾರಣೆಯ ಚಿಹ್ನೆಗಳು, ಅವಿಲ್ಲದಿದ್ದರೆ ಅರ್ಧ ಪ್ರಯೋಜನ ಹೋಯಿತು. ಹೆಣ್ಣು ಎಂಬರ್ಥದ ‘ಗೈನೆ’ ಎಂಬ ಒಂದೇ ಮೂಲ ಗೈನಕಾಲಜಿಸ್ಟ್‌ನಲ್ಲಿ ‘ಗೈ’ ಆಗುತ್ತದೆ, ಹೆಣ್ಣನ್ನು ದ್ವೇಷಿಸುವ ಮಿಸಾಜಿನಿಸ್ಟ್‌ನಲ್ಲಿ ‘ಜಿ’ ಆಗುತ್ತದೆ. ಒತ್ತು ಬೀಳುವುದು ‘ಸಾ’ ಮೇಲೆ. ಬರಹ ನೋಡಿ ಇದನ್ನು ಊಹಿಸಲಾಗದು.

ಕಾಗುಣಿತ ಅಮೆರಿಕದ್ದು ಎಂಬುದೂ ನೆನಪಿರಲಿ. ನಾಲ್ಕನೇ ಅಧ್ಯಾಯ ವೈದ್ಯರದ್ದು. ಅಲ್ಲಿ ಪೀಡಿಯಾಟ್ರಿಷಿಯನ್ ಪಿ-ಇ-ಡಿ ಎಂದು ಶುರುವಾಗುತ್ತದೆ. ನಮ್ಮ ಆಸ್ಪತ್ರೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಪಿ-ಎ-ಇ-ಡಿ ಇರುತ್ತದೆ. ಪರೀಕ್ಷೆಗೆ ನಮ್ಮದನ್ನೇ ಬರೆಯಿರಿ, ಅದರಲ್ಲಿ ಲಾಭವೂ ಇದೆ. ಮಗು ಎಂಬರ್ಥದ ಗ್ರೀಕ್ ಮೂಲ ಬೇರೆ, ಪೆಡೆಸ್ಟ್ರಿಯನ್, ಪೆಡಲ್‌ಗಳಲ್ಲಿರುವ ಕಾಲು ಎಂಬ ಲ್ಯಾಟಿನ್ ಮೂಲ ಬೇರೆ. ಅಮೆರಿಕದ ಬರಹದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ನಾವು ಬರೆಯುವ ಆ ‘ಎ’ ಅಕ್ಷರ ಇದು ಮಗುವಿನದು ಎಂದು ಗುರುತು ಹಿಡಿಸುತ್ತದೆ.

ಕನ್ನಡದವರಿಗೆ ಒಂದು ಅನುಕೂಲವಿದೆ. ಹಾರ ಎಂಬುದಕ್ಕೆ ಆ, ವಿ, ಸಂ, ಪ್ರ, ಪರಿ ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಆಗುವುದನ್ನು ಬಲ್ಲವರಿಗೆ ಹೊರು ಎಂಬರ್ಥದ ಪೋರ್ಟ್‌ಗೆ ಇಮ್, ಎಕ್ಸ್, ಟ್ರಾನ್ಸ್ ಸೇರುವುದು ಹೊಸದೇನಲ್ಲ. ಸಂಧಿಯೂ ಅಷ್ಟೇ. ಸತ್ ಮತ್ತು ಜನ ಸೇರಿ ಸಜ್ಜನ ಆದಂತೆ, ‘ಇಲ್ಲ’ ಎಂಬ ಇನ್ ಮುಂದೆ ಲೀಗಲ್ ಬಂದರೆ ಇಲ್ಲೀಗಲ್, ರೆಗ್ಯುಲರ್ ಬಂದರೆ ಇರ್ರೆಗ್ಯುಲರ್. ಎಲ್ ಎರಡೇಕೆ, ಆರ್ ಎರಡೇಕೆ ಎಂಬ ಗೊಂದಲ ಅಲ್ಲಿಗೆ ಮುಗಿಯಿತು. ಡಿಸ್ ಸೇರಿದ್ದು ಅಪಾಯಿಂಟ್‌ಗೆ, ಹಾಗಾಗಿ ಡಿಸಪಾಯಿಂಟ್‌ನಲ್ಲಿ ಎಸ್ ಒಂದು, ಪಿ ಎರಡು. ಮಿಸ್ ಸೇರಿದ್ದು ಸ್ಪೆಲ್‌ಗೆ, ಹಾಗಾಗಿ ಎಸ್ ಎರಡು.

ಬಿಡಿಸುವ ಹುರುಪು ಹತ್ತಿದ ಮೇಲೆ ಎಡವುವುದೂ ಇಲ್ಲೇ. ಮಿಸ್‌ಸ್ಪೆಲ್‌ನ ಮಿಸ್ ‘ತಪ್ಪಾಗಿ’ ಎನ್ನುವ ಇಂಗ್ಲಿಷ್ ಉಪಸರ್ಗ. ಮಿಸಂತ್ರೋಪ್‌ನ ಮಿಸ್ ‘ದ್ವೇಷಿಸು’ ಎನ್ನುವ ಗ್ರೀಕ್ ಮೂಲ. ಇನ್ ಎಲ್ಲೆಡೆ ನಿಷೇಧವಲ್ಲ: ಇನ್‌ಹ್ಯಾಬಿಟಬಲ್ ಎಂದರೆ ವಾಸಕ್ಕೆ ಯೋಗ್ಯ ಎಂದೇ ಅರ್ಥ. ಇನ್‌ಫ್ಲೇಮಬಲ್ ಎಂದು ಬರೆದ ಟ್ಯಾಂಕರ್ ಬೇಗ ಹೊತ್ತಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಕಲಿಯುವವರಿಗೆ ಇನ್ನೊಂದು ಅಪಾಯವಿದೆ. ಆಂಟಿಬಾಡಿಯ ಆಂಟಿ ‘ವಿರುದ್ಧ’. ಗರ್ಭಿಣಿಯರ ತಪಾಸಣೆಯಲ್ಲಿ ಬರುವ ಆಂಟಿನೇಟಲ್‌ನ ಆಂಟಿ ‘ಮೊದಲು’, ಅಂದರೆ ಹೆರಿಗೆಗೆ ಮೊದಲು. ಕೊನೆಯ ಅಕ್ಷರ ಒಂದರಲ್ಲಿ ಐ, ಇನ್ನೊಂದರಲ್ಲಿ ಇ. ಮೂಲಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

ಪುಸ್ತಕದ ವಿವರಣೆಯೆಲ್ಲ ಇಂಗ್ಲಿಷ್‌ನಲ್ಲೇ ಇದೆ. ಪತ್ರಿಕೆಯ ಸಂಪಾದಕೀಯವನ್ನು ನಿಘಂಟು ಹಿಡಿದಾದರೂ ಓದಬಲ್ಲವರು ಶುರುಮಾಡಬಹುದು. ಪಿಯುಸಿ ಗದ್ಯಪಾಠಕ್ಕೇ ತಿಣುಕುವವರು ಸ್ವಲ್ಪ ತಡೆಯಲಿ. ಹೆಂಗಸರ ಬಗೆಗಿನ ಕೆಲವು ಉದಾಹರಣೆ, ಮಾತಿನ ಧಾಟಿ ಹಳತಾಗಿವೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಪದ ಯಾವ ಪದದ ಜೊತೆ ಬರುತ್ತದೆ ಎಂಬುದಕ್ಕೆ ಸಿಗುವ ಅಭ್ಯಾಸ ಕಡಿಮೆ. ಕ್ರೆಡಿಬಲ್ ಎಂಬುದು ಸಾಕ್ಷ್ಯಕ್ಕೆ, ಕ್ರೆಡ್ಯುಲಸ್ ಎಂಬುದು ಬೇಗ ನಂಬುವ ಮನುಷ್ಯನಿಗೆ. ಮೂಲ ಒಂದೇ ಎಂದು ಅದಲುಬದಲು ಮಾಡಿದರೆ ವಾಕ್ಯ ಕೆಡುತ್ತದೆ. ಇದಕ್ಕೆ ಪತ್ರಿಕೆಯಲ್ಲಿ ಸಿಕ್ಕ ವಾಕ್ಯಗಳನ್ನು ಬರೆದಿಟ್ಟುಕೊಳ್ಳುವುದೇ ದಾರಿ.

ಅಧ್ಯಾಯಗಳನ್ನು ‘ಸೆಷನ್’ ಎಂಬ ಭಾಗಗಳಾಗಿ ಒಡೆದಿದ್ದಾರೆ, ದಿನಕ್ಕೆ ಅಂಥ ಒಂದು ಸಾಕು. ಮರುದಿನ ಹೊಸದಕ್ಕೆ ಮೊದಲು ಹಿಂದಿನ ದಿನದ ಪದಗಳನ್ನು ಪುಸ್ತಕ ನೋಡದೆ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಒಂದು ಮೂಲಕ್ಕೆ ಒಂದು ಪುಟ, ತಲೆಬರಹದಲ್ಲಿ ಅದರ ಎಲ್ಲ ರೂಪ. ಸ್ಪೆಕ್ಟೇಟರ್‌ನ ‘ಸ್ಪೆಕ್ಟ್’, ಕನ್‌ಸ್ಪಿಕ್ಯುಯಸ್‌ನ ‘ಸ್ಪಿಕ್’ ಎರಡೂ ನೋಡು ಎನ್ನುವ ಒಂದೇ ಪುಟಕ್ಕೆ ಸೇರಬೇಕು. ಊಹೆ ಸರಿಯೇ ಎಂಬ ಅನುಮಾನ ಬಂದರೆ ಡಗ್ಲಸ್ ಹಾರ್ಪರ್ ಅವರ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯಲ್ಲಿ ಉಚಿತವಾಗಿ ನೋಡಬಹುದು. ಉಪಸರ್ಗ ಬೇಕಿದ್ದರೆ ಕೊನೆಗೆ, ಪ್ರತ್ಯಯ ಬೇಕಿದ್ದರೆ ಮೊದಲಿಗೆ ಒಂದು ಅಡ್ಡಗೆರೆ ಹಾಕಿ ಹುಡುಕಿ.