ಬ್ಲಾಸ್ಟ್ ಅಂಕಿಅಂಶ ಎಲ್ಲಿಡೋದು: ಟ್ಯಾಬ್ ಫೈಲಾ, ಎಕ್ಸ್‌ಎಂಎಲಾ, ಎಸ್‌ಕ್ಯೂಲೈಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಸ್‌ಕ್ಯೂಲೈಟ್‌ಗೆ, ಅಂದರೆ ಒಂದೇ ಫೈಲ್‌ನಲ್ಲಿ ಕೂರುವ ಸಣ್ಣ ಡೇಟಾಬೇಸ್‌ಗೆ. ಪೊನ್ನಂಪೇಟೆಯಲ್ಲಿ ಕೂತು ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ತರುವ ಫೈಟಾಫ್ತೊರಾದ ಪ್ರೋಟೀನ್‌ಗಳನ್ನು ಬ್ಲಾಸ್ಟ್‌ನಲ್ಲಿ (ಒಂದು ಪ್ರೋಟೀನ್ ಕೊಟ್ಟರೆ ಅದನ್ನು ಹೋಲುವವನ್ನು ದೊಡ್ಡ ಡೇಟಾಬೇಸ್‌ನಲ್ಲಿ ಹುಡುಕಿಕೊಡುವ ತಂತ್ರಾಂಶ) ಹುಡುಕುವುದು ನನ್ನ ಕೆಲಸ. ಪ್ರತಿ ಹುಡುಕಾಟದ ಜೊತೆ ಲ್ಯಾಂಬ್ಡಾ, ಕೆ (ಎರಡೂ ಸ್ಕೋರ್ ಲೆಕ್ಕದ ಸ್ಥಿರಾಂಕಗಳು), ಹುಡುಕಿದ ಡೇಟಾಬೇಸ್‌ನ ಗಾತ್ರ, ಎಫೆಕ್ಟಿವ್ ಸರ್ಚ್ ಸ್ಪೇಸ್ (ಹುಡುಕಾಟ ನಡೆದ ಒಟ್ಟು ಜಾಗದ ಲೆಕ್ಕ) ಅಂತ ಒಂದಷ್ಟು ಸಂಖ್ಯೆ ಬರುತ್ತವೆ. ನಮ್ಮ ಪೈಥಾನ್ ಮಾಡ್ಯೂಲ್ ಇವನ್ನು ಎಲ್ಲಿಡಬೇಕು ಅನ್ನೋದೇ ಪ್ರಶ್ನೆ. ಮೂರನ್ನೂ ಬಳಸಿ ನೋಡಿದ್ದೇನೆ.

ಟ್ಯಾಬ್ ಫೈಲ್ ಎಲ್ಲರಿಗೂ ಇಷ್ಟ. ಫಲಿತಾಂಶ ಯಾವ ರೂಪದಲ್ಲಿ ಬೇಕು ಅಂತ ಬ್ಲಾಸ್ಟ್‌ಗೆ ಹೇಳುವಾಗ ಔಟ್‌ಎಫ್‌ಎಂಟಿ 6 ಅಂತ ಕೊಟ್ಟರೆ 12 ಕಾಲಂ ಬರುತ್ತದೆ, ಎಕ್ಸೆಲ್‌ನಲ್ಲೂ ತೆರೆಯುತ್ತದೆ. ನನ್ನ ಕೈಗೆ ಬಂದ ಹಳೆಯ ಫಲಿತಾಂಶಗಳೆಲ್ಲ ಹೀಗೇ ಇದ್ದವು. ಇ-ವ್ಯಾಲ್ಯೂ (ಇಂಥ ಹೊಂದಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಿಗಬಹುದು ಅನ್ನೋ ಅಂದಾಜು) ಇದೆ, ಬಿಟ್ ಸ್ಕೋರ್ (ಹೊಂದಿಕೆ ಎಷ್ಟು ಚೆನ್ನಾಗಿದೆ ಅನ್ನೋ ಅಂಕ) ಇದೆ. ಆದರೆ ಆ ಇ-ವ್ಯಾಲ್ಯೂ ಯಾವ ಗಾತ್ರದ ಡೇಟಾಬೇಸ್‌ನ ಲೆಕ್ಕ ಅನ್ನೋದು ಎಲ್ಲೂ ಇಲ್ಲ.

ಇದು ಎಷ್ಟು ಕಾಡುತ್ತದೆ ನೋಡಿ. ಸರ್ಚ್ ಸ್ಪೇಸನ್ನು 2ರಿಂದ ಬಿಟ್ ಸ್ಕೋರ್‌ನಷ್ಟು ಸಲ ಭಾಗಿಸಿದರೆ ಸಿಗುವುದೇ ಇ-ವ್ಯಾಲ್ಯೂ. ಬಿಟ್ ಸ್ಕೋರ್ 50, ಸರ್ಚ್ ಸ್ಪೇಸ್ ಸಾವಿರ ಕೋಟಿ ಇದ್ದರೆ ಇ-ವ್ಯಾಲ್ಯೂ ಸುಮಾರು 0.0000089. ಡೇಟಾಬೇಸ್ ಬೆಳೆದು ಸರ್ಚ್ ಸ್ಪೇಸ್ ಹತ್ತು ಪಟ್ಟಾದರೆ ಅದೇ ಹೊಂದಿಕೆಗೆ 0.000089. ಮಿತಿ 0.00001 ಅಂತ ಇಟ್ಟುಕೊಂಡವರಿಗೆ ಹೋದ ವರ್ಷ ಪಾಸಾದ ಪ್ರೋಟೀನ್ ಈ ವರ್ಷ ಫೇಲ್. ಪ್ರೋಟೀನ್ ಬದಲಾಗಿಲ್ಲ, ಹೊಂದಿಕೆಯೂ ಬದಲಾಗಿಲ್ಲ.

ಟಿಪ್ಪಣಿ ಸಾಲುಗಳೂ ಇರುವ ಟ್ಯಾಬ್ ಫೈಲ್ ಆದ ಔಟ್‌ಎಫ್‌ಎಂಟಿ 7ರಲ್ಲಿ ಡೇಟಾಬೇಸ್ ಹೆಸರು ಬರುತ್ತದೆ, ಗಾತ್ರ ಬರಲ್ಲ. ಅದೇ ಹೆಸರಲ್ಲಿ ಹೊಸ ಆವೃತ್ತಿ ಬಂದು ಕೂತರೆ ಗೊತ್ತೇ ಆಗಲ್ಲ. ಡಿಬಿಸೈಜ್ ಆಯ್ಕೆ ಕೊಟ್ಟು ಗಾತ್ರವನ್ನು ಕಟ್ಟಿಹಾಕಬಹುದು, ನಿಜ. ಅದು ಇನ್ನು ಮುಂದೆ ಓಡಿಸುವ ಹುಡುಕಾಟಕ್ಕೆ ಮಾತ್ರ. ಹಳೆಯ ಫೈಲ್‌ಗೆ ಏನು ಮಾಡೋಣ?

ಪ್ರತಿ ವಿವರವನ್ನೂ ಟ್ಯಾಗ್‌ಗಳ ನಡುವೆ ಬರೆಯುವ ಎಕ್ಸ್‌ಎಂಎಲ್‌ನಲ್ಲಿ ಈ ಕೊರತೆ ಇಲ್ಲ. ಪ್ರತಿ ಕ್ವೆರಿಯ (ಹುಡುಕಲು ಕೊಟ್ಟ ಪ್ರೋಟೀನ್‌ನ) ಕೊನೆಗೆ ಲ್ಯಾಂಬ್ಡಾ, ಕಪ್ಪಾ (ಮೇಲೆ ಹೇಳಿದ ಕೆ), ಎಂಟ್ರೊಪಿ, ಸರ್ಚ್ ಸ್ಪೇಸ್, ಡೇಟಾಬೇಸ್‌ನ ಉದ್ದ, ಸೀಕ್ವೆನ್ಸ್‌ಗಳ ಸಂಖ್ಯೆ ಎಲ್ಲ ಇರುತ್ತದೆ. ಜೀವವಿಜ್ಞಾನದ ಪೈಥಾನ್ ಲೈಬ್ರರಿ ಬಯೋಪೈಥಾನ್‌ನ ಸರ್ಚ್‌ಐಒ ಭಾಗ ಅವನ್ನು ನೇರವಾಗಿ ಕೈಗಿಡುತ್ತದೆ. ಆದರೆ ಫೈಲ್ ದಪ್ಪ. ಇನ್ನೊಂದು, ನಮ್ಮೂರ ಮಳೆಗಾಲ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬ್ಲಾಸ್ಟ್ ಅರ್ಧಕ್ಕೆ ನಿಂತರೆ ಕೊನೆಯ ಟ್ಯಾಗ್‌ಗಳು ಮುಚ್ಚಿರುವುದಿಲ್ಲ. ಓದಲು ಹೋದರೆ ಎರರ್. ಟ್ಯಾಬ್ ಫೈಲಾದರೆ ಬರೆದಷ್ಟು ಸಾಲಾದರೂ ಉಳಿಯುತ್ತದೆ.

ಪರ್ಲ್ ಭಾಷೆಯ ಲೈಬ್ರರಿ ಬಯೋಪರ್ಲ್ ಹಾಗೆ ಈ ಅಂಕಿಅಂಶಗಳನ್ನು ಹೆಸರು-ಮೌಲ್ಯ ಜೋಡಿಯಾಗಿ ಇಡುವುದೂ ಚೆನ್ನ. ಆದರೆ ಕೇಳುವಾಗ ಹೆಸರಿನ ಸ್ಪೆಲಿಂಗ್ ತಪ್ಪಿದರೆ ಸುಮ್ನೆ ಖಾಲಿ ಬರುತ್ತದೆ, ಅದೊಂದು ನನಗೆ ಆಗಲ್ಲ.

ಈಗ ನಾನು ಕ್ವೆರಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಓಡಿಸುತ್ತೇನೆ. ಒಂದೊಂದು ಕಂತಿನ ಎಕ್ಸ್‌ಎಂಎಲ್ ಓದಿ ಎಸ್‌ಕ್ಯೂಲೈಟ್‌ಗೆ ಕಮಿಟ್ ಮಾಡುತ್ತೇನೆ, ಅಂದರೆ ಕಾಯಂ ಆಗಿ ಉಳಿಸುತ್ತೇನೆ. ಎರಡೇ ಟೇಬಲ್: ಒಂದರಲ್ಲಿ ಕ್ವೆರಿಗೊಂದು ಸಾಲು ಅಂಕಿಅಂಶ, ಬ್ಲಾಸ್ಟ್ ಆವೃತ್ತಿ, ದಿನಾಂಕ. ಇನ್ನೊಂದರಲ್ಲಿ ಹಿಟ್‌ಗಳು, ಅಂದರೆ ಸಿಕ್ಕ ಹೊಂದಿಕೆಗಳು. ಕರೆಂಟ್ ಹೋದರೆ ಒಂದು ಕಂತು ಮಾತ್ರ ಹೋಗುತ್ತದೆ. ಎರಡು ವರ್ಷದ ಇ-ವ್ಯಾಲ್ಯೂಗಳನ್ನು ಒಂದೇ ಅಳತೆಗೆ ತರಲು ಎಸ್‌ಕ್ಯೂಲೈಟ್‌ಗೆ ಒಂದು ಸಾಲಿನ ಆದೇಶ ಸಾಕು.

ಎಸ್‌ಕ್ಯೂಲೈಟ್‌ಗೆ ಸರ್ವರ್ ಬೇಡ, ದುಡ್ಡೂ ಬೇಡ, ಪೈಥಾನ್ ಜೊತೆಗೇ ಬರುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇದೇ ಸರಿ. ದೊಡ್ಡ ಲ್ಯಾಬ್‌ನಲ್ಲಿ ಹಲವರು ಒಟ್ಟಿಗೆ ಬರೆಯುವುದಾದರೆ ಬೇರೆ ಡೇಟಾಬೇಸ್ ನೋಡಿ. ಒಂದೇ ಸಲ ಹುಡುಕಿ ಮುಗಿಸುವವರಿಗೆ ಟ್ಯಾಬ್ ಫೈಲೇ ಸಾಕು, ಆದರೆ ಸರ್ಚ್ ಸ್ಪೇಸ್ ಸಂಖ್ಯೆಯನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.